ಆಸರೆ ಬಿಚ್ಚುವ ದಿನ

ವಲ್ಮೋರ್, ಬರ್ಗಂಡಿ
೩ ನವೆಂಬರ್ ೧೮೬೪

ಪ್ರೀತಿಯ ಸಿಲ್ವೆಂ,

ಕಾಲು ಹೇಗಿದೆ? ಆಸ್ಪತ್ರೆಯ ಸಿಸ್ಟರುಗಳ ಮಾತು ಕೇಳಿಕೊಂಡು ಸುಮ್ಮನೆ ಮಲಗಿದ್ದೀಯೋ, ಇಲ್ಲ ಊರುಗೋಲು ಕೊಡಿ ಅಂತ ಅವರ ಪ್ರಾಣ ಹಿಂಡುತ್ತಿದ್ದೀಯೋ? ಗಾಡಿಯವನ ಕೈಲಿ ಬ್ರೆಡ್ಡು, ಚೀಸು ಕಳಿಸಿದ್ದೇನೆ. ನಾನು ಕ್ಷೇಮ ಅಂತ ಬರೆಯಲಾರೆ. ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿದೆ.

ಎಲ್ಲಾ ಆ ಪ್ಯಾರಿಸಿನ ವಾಸ್ತುಶಿಲ್ಪಿ ದೆಲ್ಕೂರನಿಂದ. ನಮ್ಮ ಚರ್ಚಿನ ಬಾಗಿಲ ಮೇಲಿದ್ದ ದುಂಡು ಕಮಾನು ಏಳುನೂರು ವರ್ಷದಲ್ಲಿ ಯಾರಿಗೆ ಏನು ಕೇಡು ಮಾಡಿತ್ತು? ಮದುವೆಯ ದಿನ ನಾವಿಬ್ಬರೂ ಅದರಡಿಯಲ್ಲೇ ನಡೆದು ಬಂದೆವು. ಅದು ಹಳೇ ರೋಮನೆಸ್ಕ್ ಶೈಲಿಯಂತೆ, ಒಳಗಿನ ಗಾಥಿಕ್ ಶೈಲಿಯ ಚೂಪು ಕಮಾನುಗಳಿಗೆ ಹೊಂದುವುದಿಲ್ಲವಂತೆ! ಅದನ್ನು ಕೆಡವಿಸಿ ನಿನ್ನ ಕೈಯಲ್ಲೇ ಚೂಪು ಕಮಾನು ಕಟ್ಟಿಸಿದ. ನೆತ್ತಿಯ ಕಲ್ಲು ಕೂರಿಸಿದ ಮರುದಿನವೇ ನೀನು ಅಟ್ಟಣಿಗೆಯಿಂದ ಬಿದ್ದೆ. ಗಾಡಿಯಲ್ಲಿ ಮಲಗಿಕೊಂಡೇ "ಗಾರೆ ಗಟ್ಟಿಯಾಗ್ಲಿ, ಈಸ್ಟರ್ ತನಕ ಕಮಾನಿನಡಿಯ ಮರದ ಆಸರೆ ಮುಟ್ಟಬೇಡ್ರೋ" ಅಂತ ನೀನು ಕೂಗಿದ್ದು ಊರಿಗೆಲ್ಲ ಕೇಳಿಸಿತು, ದೆಲ್ಕೂರನೊಬ್ಬನನ್ನು ಬಿಟ್ಟು.

ಈಗ ಹನ್ನೊಂದನೇ ತಾರೀಕು ಸಂತ ಮಾರ್ಟಿನರ ಹಬ್ಬಕ್ಕೆ ಬಿಷಪ್ ಬರುತ್ತಾರೆ, ಮಂಗಳವಾರವೇ ಆಸರೆ ಬಿಚ್ಚಿ ಅನ್ನುತ್ತಾನೆ. ಬಿಚ್ಚುವಾಗ ಮೇಸ್ತ್ರಿ ಕಮಾನಿನ ಅಡಿ ನಿಲ್ಲುವ ಪದ್ಧತಿಯಿದೆಯಲ್ಲ, ನೀನಿಲ್ಲದ್ದಕ್ಕೆ ನಿನ್ನ ತಮ್ಮ ಫಿರ್ಮೆಂ ನಿಲ್ಲಬೇಕಂತೆ. ಎರಡು ಮಕ್ಕಳ ತಂದೆ! "ನಾನು ನಿಲ್ಲದಿದ್ರೆ ಅಣ್ಣನ ಕೆಲಸದ ಮೇಲೆ ತಮ್ಮನಿಗೇ ನಂಬಿಕೆ ಇಲ್ಲ ಅಂತಾರೆ ಅತ್ತಿಗೆ" ಅಂದ, ಪೆದ್ದ. ನಾನೇ ಏಣಿ ಹತ್ತಿ ಕಮಾನಿನ ಕಲ್ಲುಗಳ ಸಂದಿಗೆ ಉಗುರು ಒತ್ತಿದೆ. ಗಾರೆ ಇನ್ನೂ ಬೆಣ್ಣೆಯ ಹಾಗಿದೆ. ದೆಲ್ಕೂರನಿಗೆ ಬೆರಳು ತೋರಿಸಿದರೆ, "ಚೂಪು ಕಮಾನು ಗೋಡೆಗಳನ್ನ ಪಕ್ಕಕ್ಕೆ ತಳ್ಳೋದು ಕಮ್ಮಿ ಮದಾಮ್, ಬೀಳಲ್ಲ, ಪುಸ್ತಕದಲ್ಲಿದೆ. ನೀವು ಸೂಪಿನ ಪಾತ್ರೆ ನೋಡ್ಕೊಳ್ಳಿ" ಅಂದುಬಿಟ್ಟ. ಮೂವತ್ತು ವರ್ಷ ನಿನಗೆ ಗಾರೆ ಕಲಸಿಕೊಟ್ಟ ಕೈ ಇದು! ಅವನ ಪುಸ್ತಕ ಎಂದಾದರೂ ಸುಣ್ಣ ಮುಟ್ಟಿದೆಯೇ? ಆ ಅವಮಾನ ನುಂಗಿಕೊಂಡೇನು, ಫಿರ್ಮೆಂ ಕಲ್ಲಿನಡಿ ಸಿಕ್ಕಿದರೆ ನಾವಿಬ್ಬರೂ ಹೇಗೆ ಬದುಕುವುದು?

ದೇವಮಾತೆ ನಿನ್ನ ಮೂಳೆ ಬೇಗ ಕೂಡಿಸಲಿ. ಫಿರ್ಮೆಂನ ಹೆಂಡತಿ ಅಳುತ್ತಲೇ, ನಿನ್ನನ್ನು ಕೇಳಿದೆ ಅಂತ ತಿಳಿಸಿ ಅಂದಳು.

ನಿನ್ನ
ಒನೊರೀನ್

ತಡೆ, ಇನ್ನೊಂದಿಷ್ಟು: ಪತ್ರ ಮಡಚಿಟ್ಟು ಚರ್ಚಿಗೆ ಓಡಿದ್ದೆ, ಈಗ ಬಂದೆ. ಕೆಲಸದವರೆಲ್ಲರ ಮುಂದೆ ಹೇಳಿಬಿಟ್ಟೆ: "ಮೊಸ್ಯು, ನಮ್ಮಲ್ಲಿ ಆಸರೆ ಬಿಚ್ಚಿ ಅಂದವನೇ ಅಡಿಯಲ್ಲಿ ನಿಲ್ಲೋದು. ಇಷ್ಟು ದಿನ ಹೇಳ್ತಿದ್ದದ್ದು ಸಿಲ್ವೆಂ, ನಿಲ್ತಿದ್ದದ್ದೂ ಸಿಲ್ವೆಂ. ಈ ಸಲ ಹೇಳಿರೋದು ನೀವು." ಬಡಗಿಗಳೆಲ್ಲ ಹೌದು ಹೌದು ಅಂದರು. ದೆಲ್ಕೂರ ಟೋಪಿ ತೆಗೆದು ನೆತ್ತಿಯ ಕಲ್ಲನ್ನೇ ಬಹಳ ಹೊತ್ತು ನೋಡಿದ. ಆಸರೆ ಈಸ್ಟರ್ ತನಕ ಇರುತ್ತದಂತೆ; ಬಿಷಪ್ಪರನ್ನು ಪಕ್ಕದ ಬಾಗಿಲಿಂದ ಕರೆತರುತ್ತಾರಂತೆ.