ಮುಂದಿನ ವರ್ಷದ ಮೇವು

ಏಪ್ರಿಲ್ 12, ಭಾನುವಾರ

ಪ್ರೀತಿಯ ಗುಂಡಮ್ಮಾ,

ಹೇಗಿದ್ದೀಯೇ? ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕೂತವಳನ್ನ ನೀನು ಎಷ್ಟು ಬೈದುಕೊಂಡಿರ್ತೀಯ ಅಂತ ಗೊತ್ತು. ಬೈದುಕೋ ಮಾರಾಯ್ತಿ. ಹಾಸ್ಟೆಲಿನಲ್ಲಿ ನನ್ನ ಬಕೆಟ್ಟಿನ ನೀರೆಲ್ಲ ನೀನೇ ಸುರಿದುಕೊಂಡು ಹಾಡು ಹೇಳ್ತಿದ್ದೆಯಲ್ಲ, ಅದಕ್ಕೂ ಇದಕ್ಕೂ ಸರಿಹೋಯಿತು. ಆದರೆ ತಡವಾಗಿದ್ದು ಸೋಮಾರಿತನದಿಂದಲ್ಲ. ಬರೆಯೋಕೆ ಕೂತರೆ ಎಲ್ಲ ಮತ್ತೆ ಕಣ್ಮುಂದೆ ಬರುತ್ತೆ ಅನ್ನೋ ಭಯ. ನಿಮ್ಮತ್ತೆಯ ಮಂಡಿನೋವು ಕಡಿಮೆಯಾಯಿತಾ? ಅವರಿಗೆ ನನ್ನ ನಮಸ್ಕಾರ ಹೇಳು.

ನನ್ನ ಕೆಲಸ ಏನು ಅಂತ ನೀನು ಪ್ರತಿಸಲ ಕೇಳ್ತೀಯ, ನಾನು ಉದ್ದುದ್ದ ಹೇಳಿ ಆಕಳಿಕೆ ತರಿಸ್ತೀನಿ. ಈ ಸಲ ಚುಟುಕಾಗಿ ಹೇಳ್ತೀನಿ. ಇಲ್ಲಿ ಮೇಕೆ ಸಾಕುವವರ ಹಟ್ಟಿಗಳಿವೆ. ಬೇಸಿಗೆ ಬಂತೆಂದರೆ ಗಂಡಸರು ಮಂದೆ ಹೊಡೆದುಕೊಂಡು ಹುಲ್ಲಿರುವ ಕಡೆ ಹೊರಟುಬಿಡ್ತಾರೆ. ಮಂದೆಯ ಜೊತೆ ಹಾಲೂ ಹೋಗುತ್ತೆ. ಹಿಂದೆ ಉಳಿದ ಮಕ್ಕಳಿಗೆ ಬರೀ ಗಂಜಿ. ಬೇಸಿಗೆ ಮುಗಿಯೋದರೊಳಗೆ ಸೊರಗಿ ಕಡ್ಡಿಯಾಗ್ತಾರೆ, ನೀವೆಲ್ಲ ಕಡ್ಡಿ ಅಂತ ಕರೀತಿದ್ದ ನನ್ನ ಹಾಗಲ್ಲ, ನಿಜವಾದ ಕಡ್ಡಿ. ಏನು ಮಾಡೋಣ ಅಂತ ತಾಯಂದಿರನ್ನ ಕೂರಿಸಿಕೊಂಡು ಕೇಳಿದಾಗ ಅವರೇ ದಾರಿ ಹೇಳಿದರು. "ಮನೆಗೆರಡು ಕರೆಯೋ ಮೇಕೆ ಇಲ್ಲೇ ಇರಲಿ. ಅವಕ್ಕೆ ಮೇವು ಕೊಡಿ. ಮಕ್ಕಳ ಹಾಲು ನಾವು ನೋಡ್ಕೋತೀವಿ." ಇದರಿಂದ ನಿಜವಾಗಿ ಉಪಯೋಗ ಆಗುತ್ತಾ ಅಂತ ತಿಳೀಬೇಕಲ್ಲ? ಅದಕ್ಕೆ ಅರ್ಧ ಹಟ್ಟಿಗಳಿಗೆ ಈ ವರ್ಷ ಮೇವು, ಉಳಿದರ್ಧಕ್ಕೆ ಮುಂದಿನ ವರ್ಷ. ಎರಡೂ ಕಡೆ ತಿಂಗಳಿಗೊಮ್ಮೆ ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆದು, ಹೋಲಿಸಿ ನೋಡೋದು. ಹಳ್ಳದ ಹಟ್ಟಿಗೆ ಈ ವರ್ಷ, ಗುಡ್ಡದ ಹಟ್ಟಿಗೆ ಮುಂದಿನ ವರ್ಷ.

ಗುಡ್ಡದ ಹಟ್ಟಿಯಲ್ಲಿ ಒಬ್ಬಳು ತಾಯಿ ಇದಾಳೆ. ಎಲ್ಲರೂ ಅವಳನ್ನ ನಗೆಮಲ್ಲಿ ಅಂತಾರೆ. ಮಾತಿಗೆ ಮುಂಚೆ ನಗು. ಅವಳಿಗೊಂದು ಹೆಣ್ಣುಮಗು, ಇನ್ನೂ ಎರಡು ತುಂಬಿಲ್ಲ. ಫೆಬ್ರವರಿಯಲ್ಲಿ ಅಳೆದಾಗ ಪಟ್ಟಿ ಹಳದಿಗೆ, ಅಂದರೆ ಅಪಾಯದ ಅಂಚಿಗೆ, ನಿಂತಿತ್ತು. ಹುಷಾರು ಅಂತ ಹೇಳಿ ಬಂದಿದ್ದೆ. ಆಮೇಲೆ ಮಗುವಿಗೆ ಭೇದಿ ಆಗಿದ್ದು ನನಗೆ ಗೊತ್ತೇ ಆಗಲಿಲ್ಲ. ಮಾರ್ಚ್ ಶುರುವಿನಲ್ಲಿ ನಮ್ಮ ಜೀಪು ಕಂಡಿದ್ದೇ ತಡ, ಮಗೂನ ಸೊಂಟಕ್ಕೇರಿಸಿಕೊಂಡು ಓಡಿ ಬಂದಳು.

"ಅಕ್ಕಾ, ನೋಡಿ! ನೀವು ಹೆದರಿಸಿದ್ರಲ್ಲ, ದಪ್ಪ ಆಗಿದಾಳೆ! ಕಾಲು ನೋಡಿ, ಕೆನ್ನೆ ನೋಡಿ!"

ಸುತ್ತ ನಿಂತ ಹೆಂಗಸರೂ ಹೌದೌದು ಅಂದರು. ನನಗೂ ಒಂದು ಕ್ಷಣ ಖುಷಿಯೇ ಆಯಿತು ಕಣೆ. ಆಮೇಲೆ ಮಗುವಿನ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಗುಳಿ ಬಿತ್ತು. ಹಸಿಮಣ್ಣಿನಲ್ಲಿ ಒತ್ತಿದ ಹಾಗೆ ಬಿದ್ದ ಗುಳಿ ಮೇಲೇಳಲೇ ಇಲ್ಲ. ಇನ್ನೊಂದು ಕಾಲಿನಲ್ಲೂ ಅದೇ. ಅದು ದಪ್ಪ ಅಲ್ಲ ಗುಂಡಮ್ಮಾ, ಬಾವು. ಹೊಟ್ಟೆಗಿಲ್ಲದ ಮಗುವಿನ ಮೈಗೆ ನೀರು ತುಂಬಿಕೊಳ್ಳೋದು. ಪುಸ್ತಕದಲ್ಲಿ ಓದಿದ್ದೆ, ಬೇರೆಯವರಿಗೆ ಪಾಠವನ್ನೂ ಮಾಡಿದ್ದೆ. ಆದರೂ ಅವಳ ನಗುಮುಖ ನೋಡಿ, ಸುಳ್ಳಾಗಲಿ ಅಂತ ಮತ್ತೊಮ್ಮೆ ಒತ್ತಿದೆ.

"ಯಾಕಕ್ಕಾ?" ಅಂದಳು. ನಗು ಇನ್ನೂ ತುಟಿ ಮೇಲೇ ಇತ್ತು.

"ಜೀಪು ಹತ್ತು, ಈಗಲೇ," ಅಂದೆ.

ಆಸ್ಪತ್ರೆ ತನಕ ಆ ದಾರಿ! ಡ್ರೈವರಣ್ಣ ಗುಂಡಿ ತಪ್ಪಿಸಲಿಕ್ಕೂ ಹೋಗಲಿಲ್ಲ. ಮಗು ಅಳಲೇ ಇಲ್ಲ, ನನ್ನ ಹೆದರಿಸಿದ್ದು ಅದೇ. ತಲೆ ಜೀಪಿಗೆ ತಗುಲಿದರೂ ಸುಮ್ಮನಿತ್ತು. ಕೈ ಮುಟ್ಟಿದರೆ ತಣ್ಣಗೆ. "ಮಲಗಿದೆ ಅಲ್ವಾ?" ಅಂತ ತಾಯಿ ಕೇಳ್ತಾನೇ ಇದ್ದಳು. ನಾನು ಹೂಂ ಅಂತಾನೇ ಇದ್ದೆ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡೋಕೂ ಹೆದರಿಕೆ, ಅವಳು ಕಂಡುಬಿಟ್ಟರೆ ಅಂತ.

ಆಸ್ಪತ್ರೆಯಲ್ಲಿ ಮಗುವಿನ ಮೂಗಿಗೆ ಸಣ್ಣ ನಳಿಕೆ ಹಾಕಿ, ತಾಯಿಯ ಎದೆಗೆ ಒರಗಿಸಿ, ಇಬ್ಬರಿಗೂ ಸೇರಿಸಿ ಕಂಬಳಿ ಹೊದಿಸಿದರು. "ಒಮ್ಮೆಗೇ ತುಂಬಾ ಉಣಿಸಿದರೆ ಮಗು ತಡೆಯಲ್ಲ," ಅಂತ ನರ್ಸಮ್ಮ ತೆಳು ಹಾಲನ್ನ ಹನಿಹನಿಯಾಗಿ ಬಿಟ್ಟರು. ಹಸಿದು ಸಾಯ್ತಿರೋ ಮಗುವಿಗೆ ಊಟ ಕೊಡೋಕೂ ಹೆದರಬೇಕು ನೋಡು. ಕೆಲವು ದಿನ ಹಾಗೇ ಹೋಯಿತು. ಕಾರಿಡಾರಿನಲ್ಲಿ ಯಾರ ಚಪ್ಪಲಿ ಸದ್ದಾದರೂ ಎದ್ದು ಬಾಗಿಲಿಗೆ ಓಡ್ತಿದ್ದೆ. ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿದ್ದಾಗ ಮಗು ನಳಿಕೆ ಕಿತ್ತು ಬಿಸಾಕಿ, ಆಸ್ಪತ್ರೆಯೇ ಹಾರಿಹೋಗೋ ಹಾಗೆ ಕಿರುಚಿತು. ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು, "ಬಂತು ನೋಡಿ ಸಿಟ್ಟು! ಇನ್ನು ಭಯವಿಲ್ಲ," ಅಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಆಮೇಲೆ ನಮ್ಮ ಮೇಲಿನ ಸಾಹೇಬರ ಹತ್ತಿರ ಹೋಗಿ, ಗುಡ್ಡದ ಹಟ್ಟಿಗೂ ಈಗಲೇ ಮೇವು ಕೊಡಿ ಅಂತ ಜಗಳ ಮಾಡಿದೆ. ಅವರು ಕೆಟ್ಟವರಲ್ಲ. "ಹೋಲಿಸೋಕೆ ಏನೂ ಉಳಿಯದಿದ್ದರೆ ನಾಳೆ ಯಾವ ಸರ್ಕಾರ ನಮ್ಮ ಮಾತು ನಂಬುತ್ತಮ್ಮಾ? ಬೇರೆ ಕಡೆ ಎಷ್ಟು ಮಕ್ಕಳಿದ್ದಾರೆ ಯೋಚಿಸು," ಅಂದರು. ಯೋಚಿಸಿದೆ. ಅವರ ಮಾತು ಸರಿ. ನನ್ನದೂ ಸರಿ. ಇನ್ನುಮುಂದೆ ವಾರಕ್ಕೊಮ್ಮೆ ಅಳೆಯೋದು ಅಂತಾಯಿತು, ಅಷ್ಟೇ.

ಆದರೆ ಸುದ್ದಿ ಹಳ್ಳದ ಹಟ್ಟಿಗೆ ಮುಟ್ಟಿತ್ತು. ಮುಂದಿನ ಸಲ ಹೋದಾಗ ಅಲ್ಲಿನ ಹೆಂಗಸರು ಮೇವಿನ ಕಟ್ಟು ತಲೆಮೇಲೆ ಹೊತ್ತು, ಮನೆಗೊಂದು ಕರೆಯೋ ಮೇಕೆ ಹೊಡೆದುಕೊಂಡು ಗುಡ್ಡ ಹತ್ತುತ್ತಿದ್ದರು. ಮುಂದಿದ್ದ ಅಜ್ಜಿ ನನ್ನ ನೋಡಿ, "ಬೇಡ ಅನ್ನಬೇಡ ಮಗಳೇ. ಅಂದರೂ ಕೇಳೋರಿಲ್ಲ," ಅಂದಳು. ಸಾಹೇಬರಿಗೆ ಹೋಗಿ ಹೇಳಿದೆ. ಅವರು ಅಳತೆಯ ಪುಸ್ತಕ ನನ್ನ ಕಡೆ ತಳ್ಳಿ, "ಹಂಚಿಕೊಂಡರು ಅಂತ ಬರಿ. ಆಗಿದ್ದನ್ನೇ ಬರಿ," ಅಂದರು. ಈಗ ಎರಡೂ ಹಟ್ಟಿಗೆ ಅರ್ಧರ್ಧ ಮೇವು. ಮಳೆಗೆ ಇನ್ನೂ ದಿನವಿದೆ. ಅರ್ಧ ಮೇವು ಅಲ್ಲೀತನಕ ಬರುತ್ತಾ? ಈಗ ಯಾವ ಗುಂಡು ಕೆನ್ನೆಯ ಮಗು ಕಂಡರೂ ಬಗ್ಗಿ ಪಾದ ಒತ್ತಿ ನೋಡ್ತೀನಿ. ಊರಿಗೆ ಬಂದರೆ ನಿನ್ನ ಮಕ್ಕಳದ್ದೂ ಒತ್ತಿಬಿಡ್ತೀನೇನೋ, ಬೇಜಾರು ಮಾಡ್ಕೋಬೇಡ.

ನಗೆಮಲ್ಲಿಯ ಮಗಳು ಬಾವು ಇಳಿದು ಮನೆ ಸೇರಿದಾಳೆ. ನಿನ್ನ ಮಕ್ಕಳ ಹೊಟ್ಟೆ ತಣ್ಣಗಿರಲಿ. ನೀನೂ ಚೆನ್ನಾಗಿರು, ಇನ್ನಷ್ಟು ಗುಂಡಗಾಗು.

ಇಂತಿ ನಿನ್ನ,
ಕಡ್ಡಿ

ತಾ.ಕ.: ಒಂದು ಮಾತು ಬಿಟ್ಟೆ. ಯಾವ ಹಟ್ಟಿಗೆ ಯಾವ ವರ್ಷ ಅಂತ ಎಲ್ಲರೆದುರು ಚೀಟಿ ಎತ್ತಿಸಿದ್ದೆವು. ಗುಡ್ಡದ ಹಟ್ಟಿಯಿಂದ ಯಾರೂ ಮುಂದೆ ಬರಲಿಲ್ಲ. "ನೀನು ಬಾರೇ, ನಗ್ತಾ ಎತ್ತು," ಅಂತ ನಗೆಮಲ್ಲಿಯ ಕೈ ಹಿಡಿದೆಳೆದವಳು ನಾನೇ. ಅವಳ ಚೀಟಿಯಲ್ಲಿ ಬಂದದ್ದು ಮುಂದಿನ ವರ್ಷ. ಆಸ್ಪತ್ರೆಯಲ್ಲಿ ಮಗು ಬಾಯಲ್ಲಿ ಉಣ್ಣೋಕೆ ಶುರುಮಾಡಿದಾಗ ಅವಳು ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಚೆಲ್ತಿದ್ದಳು. ನರ್ಸಮ್ಮ ಗದರಿದರೆ ಬಲಗೈಯನ್ನ ಕಂಬಳಿಯೊಳಗೆ ಮುಚ್ಚಿಟ್ಟಳು. ಯಾಕೇ ಅಂತ ಕೇಳಿದೆ. "ಚೀಟಿ ಎತ್ತಿದ್ದು ಈ ಕೈಯಲ್ವಾ ಅಕ್ಕಾ," ಅಂದಳು. ನಿನ್ನೆ ಅವಳ ಮನೆಗೆ ಹೋಗಿದ್ದೆ. ಈಗಲೂ ಎಡಗೈಯಲ್ಲೇ ಉಣಿಸ್ತಾಳೆ. ನಗಲಿಲ್ಲ. ನಾನು ಅವಳಿಗೆ ಏನು ಹೇಳಲಿ ಗುಂಡಮ್ಮಾ? ನೀನಾದರೂ ಹೇಳಿಕೊಡೇ.