ಕರವಸ್ತ್ರದ ಮೂರು ಚೌಕ

ವೈನಿ,

ಏಳರ ಗಾಡಿಗೆ ಧಾರವಾಡಕ್ಕ, ಕಾಲೇಜಿಗೆ ಹೊಂಟೇನಿ.

ನಾ ಕೊಟ್ಟ ಕರವಸ್ತ್ರದ ಒಗಟು ಬಿಡಿಸಿ ನಿನ್ನೆ ಅಡಗಿಮನ್ಯಾಗಿನ ಮೂರನೇ ಡಬ್ಬಿ ತಗದು ಖಾರಪುಡಿಗೆ ಸೀನಿದ್ದು ನಿಮ್ಮ ತಪ್ಪಲ್ರಿ. ಕಸೂತಿ ಎರಡೂ ಮಗ್ಗಲ ಒಂದೇ ಥರಾ ಕಾಣತೈತಿ. ನೀವು ಕರವಸ್ತ್ರ ಹಿಂದುಮುಂದಾಗಿ ಹಿಡದು ಓದೀರಿ. ಗುರುತು ಹಾಕದ ದಡ್ಡಿ ನಾನು.

ಈಗ ಹೊಳ್ಳಿಸ್ರಿ. ಎಡದಿಂದ ಮೂರು ಚೌಕದ ಬೆಲಿ: ನಾಲ್ಕು, ಎರಡು, ಒಂದು. ಹೊಲಿಗಿ ಇದ್ದದ್ದನ್ನಷ್ಟ ಕೂಡಸ್ರಿ, ಖಾಲಿ ಇದ್ದದ್ದು ಸೊನ್ನಿ. ಇನ್ನ ಆಟಕ್ಕ ಹೊತ್ತಿಲ್ಲ, ನಾನೇ ಹೇಳತೇನಿ: ಮೊದಲಿನ ಎರಡರಾಗ ಹೊಲಿಗಿ ಐತಿ, ಅಂದ್ರ ಆರು.

ಆರನೇ ಡಬ್ಬ್ಯಾಗ ನಿಮ್ಮ ಮ್ಯಾಟ್ರಿಕ್ ಪರೀಕ್ಷಾದ ಫಾರ್ಮು ಐತಿ. ನಾಳೆ ಕಡೀ ದಿನ. ಸಹಿ ಮಾಡಿ ಅಣ್ಣನ ಕೈಯಾಗ ಕೊಡ್ರಿ.

ನಿಮ್ಮ ಅತ್ತಿ ಏನಂತಾರೋ ಅಂತ ಅಂಜಬ್ಯಾಡ್ರಿ. ಒಗಟಿನ ಲೆಕ್ಕ ನಂದು, ಖರೇ. ಆದ್ರ ಆ ಹೊಲಿಗಿ ಹಾಕಿದಾಕಿ ನಮ್ಮವ್ವ.

ನಿಮ್ಮ ನಾದಿನಿ,
ರತ್ನಾ