ಶ್ಯಾವಿಗೆ ಒಣಗುವ ರಸ್ತೆ

ಅವ್ವಾ,

ನಿನ್ನ ಮಗಳ ನಮಸ್ಕಾರ. ಫೋನಿನಲ್ಲಿ ಹೇಳಿದರೆ ಆ ಹೆಸರು ಕಿವಿಗೆ ಬಿದ್ದೊಡನೆ ನೀನು ಇಟ್ಟುಬಿಡುತ್ತಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಯಾದಗಿರಿಯಲ್ಲಿ ಮನೆ ಮಾಡಿದ ಮೇಲೂ ನಿನಗೆ ನನ್ನ ಶಾಲೆಯ ವಿಳಾಸವನ್ನಷ್ಟೇ ಕೊಟ್ಟಿದ್ದೆ. ನಮ್ಮ ಕಾಲೊನಿಯ ರಸ್ತೆಗಳಿಗೆಲ್ಲ ಯುದ್ಧ ನಡೆದ ಜಾಗಗಳ ಹೆಸರುಗಳಿವೆ. ಪಕ್ಕದ್ದು ಲೋಂಗೇವಾಲಾ. ನಮ್ಮ ರಸ್ತೆಗೆ, ಅಪ್ಪ ಹೋಗಿ ತಿರುಗಿ ಬಾರದ ಜಾಗದ ಹೆಸರು. ಬೋರ್ಡ್ ನೋಡಿ ಈ ಮನೆಯೇ ಬೇಡವೆಂದಿದ್ದೆ. ನಿನ್ನ ಅಳಿಯ, ಒಂದು ಬೇಸಿಗೆ ಇದ್ದು ನೋಡೋಣ ಎಂದರು.

ಈಗ ಬೇಸಿಗೆ ಬಂದಿದೆ. ರಸ್ತೆ ತುಂಬ ಹಗ್ಗದ ಹೊರಸು, ಹೊರಸಿನ ತುಂಬ ಶ್ಯಾವಿಗೆ. ನಿನ್ನೆ ಬೈಕಿನವನೊಬ್ಬ ನುಗ್ಗಲು ನೋಡಿದ. ಎದುರುಮನೆಯ ಬಾಲಮ್ಮ ಶ್ಯಾವಿಗೆ ಕೋಲು ಎತ್ತಿ ಕೂಗಿದರು: “ಏ ತಮ್ಮಾ, ಕಾರ್ಗಿಲ್ ಬಂದ್ ಐತಿ! ಶ್ಯಾವಿಗಿ ಒಣಗಾಕತ್ತಾವ. ಲೋಂಗೇವಾಲಾ ಹಿಡದು ಹೋಗು!”

ಎಲ್ಲರ ಜೊತೆ ನಾನೂ ನಕ್ಕೆ, ಅವ್ವಾ. ಅಪ್ಪ ನಕ್ಕರೆ ಓಣಿಗೆಲ್ಲ ಕೇಳುತ್ತಿತ್ತೆಂದು ನೀನೇ ಹೇಳುತ್ತಿದ್ದೆ. ನಿನ್ನೆ ಅದು ನೆನಪಾಯಿತು.

ನಾನು ಎಳೆದ ಶ್ಯಾವಿಗೆ ಮಾತ್ರ ನಡುವೆಯೇ ಹರಿಯುತ್ತದೆ. “ನಿಮ್ಮವ್ವನ್ನ ಕರಸವ್ವಾ” ಎನ್ನುತ್ತಾರೆ ಬಾಲಮ್ಮ. ನಿನಗೊಂದು ಹೊರಸು ಖಾಲಿ ಇಟ್ಟಿದ್ದೇನೆ. ನಿನ್ನ ಶ್ಯಾವಿಗೆ ಮಣೆ ತೆಗೆದುಕೊಂಡು ಬಾ. ಆಟೋದವನಿಗೆ ಈ ಕಾಗದದ ಕೊನೆಯ ಸಾಲು ತೋರಿಸಿದರೆ ಸಾಕು, ನೀನು ಬಾಯಿಬಿಟ್ಟು ಹೇಳಬೇಕಿಲ್ಲ.

ನಿನ್ನ ದಾರಿ ಕಾಯುವ
ಪರಿಮಳಾ

ಬೇವಿನ ಗಿಡದ ಮನೆ, ಕಾರ್ಗಿಲ್ ರಸ್ತೆ, ಯಾದಗಿರಿ